‘ಬೇಕು’, ‘ಲೇಬೇಕು’ ಮತ್ತು ಒಂದು ಡ್ರೈವರ್

ಆಂಧ್ರಪ್ರದೇಶದ ಫೈಬರ್‌ನೆಟ್ 2017ರ ಡಿಸೆಂಬರ್ 27ರಂದು ಉದ್ಘಾಟನೆಯಾದಾಗ ತಿಂಗಳಿಗೆ 149 ರೂಪಾಯಿಗೆ ಟೀವಿ, ಇಂಟರ್ನೆಟ್, ಫೋನು ಮೂರೂ ಎಂಬುದೇ ದೊಡ್ಡ ಸುದ್ದಿ. ಕರೆಂಟು ಕಂಬಗಳ ಮೇಲೆ ಕೇಬಲ್ ಎಳೆದು ಹಳ್ಳಿಗಳನ್ನು ಮುಟ್ಟಿದ ಈ ಜಾಲದ ಆಡಳಿತ ವಿಜಯವಾಡದಲ್ಲಿ, ಅದನ್ನು ಕಾಯುವ ಕೇಂದ್ರ ವಿಶಾಖಪಟ್ಟಣದಲ್ಲಿ. ನೋಡಿಕೊಳ್ಳುವವರ ಮಾತು ತೆಲುಗು. ಆದರೆ ಇಂಥ ಯಾವ ಜಾಲದಲ್ಲೇ ಆಗಲಿ, ಸರ್ವರಿನ ನೆಟ್‌ವರ್ಕ್ ಕಾರ್ಡನ್ನು ಹೊಂದಿಸಲು ಓದಬೇಕಾದ ಕೈಪಿಡಿ ಇಂಗ್ಲಿಷಿನದು. ಕರ್ನಾಟಕದಲ್ಲೂ ಅಷ್ಟೇ.

ಇವನ್ನು ಕನ್ನಡಕ್ಕೆ ತರುವ ಮಾತೆದ್ದರೆ ಚರ್ಚೆಯೆಲ್ಲ ನಾಮಪದಗಳಲ್ಲೇ ಮುಗಿದುಹೋಗುತ್ತದೆ. ಡ್ರೈವರ್‌ಗೆ ‘ಚಾಲಕ’ ಎಂದರೆ ಬಸ್ಸು ನೆನಪಾಗುತ್ತದೆ. ಡ್ರೈವರ್ ಡ್ರೈವರ್ ಆಗಿಯೇ ಇರಲಿ, ಯಾರಿಗೂ ನಷ್ಟವಿಲ್ಲ. ತೊಡಕಿರುವುದು ಕ್ರಿಯಾಪದದ ತುದಿಯಲ್ಲಿ.

10 ಗಿಗಾಬಿಟ್ ಕಾರ್ಡಿಗೆ ತೀರಾ ಚಿಕ್ಕ ಫ್ರೇಮುಗಳೇ ಬಂದರೆ ಸೆಕೆಂಡಿಗೆ ಸುಮಾರು 1.48 ಕೋಟಿ ಬರಬಹುದು. ಪ್ರೊಸೆಸರಿನ ಹೊರೆ ಇಳಿಸಲು ಎಲ್‌ಆರ್‌ಒ ಎಂಬ ಸೌಲಭ್ಯವಿದೆ: ಒಂದೇ ಸಂಪರ್ಕದಿಂದ ಬಂದ ಹಲವು ಪ್ಯಾಕೆಟ್‌ಗಳನ್ನು ಸೇರಿಸಿ ಒಂದು ದೊಡ್ಡ ಪ್ಯಾಕೆಟ್ಟಾಗಿ ಮೇಲಕ್ಕೆ ಕೊಡುತ್ತದೆ. ಡೇಟಾ ಆ ಯಂತ್ರಕ್ಕೇ ಬಂದದ್ದಾದರೆ ಲಾಭ. ಯಂತ್ರ ರೂಟರ್ ಆಗಿ ಮುಂದಕ್ಕೆ ದಾಟಿಸುತ್ತಿದ್ದರೆ ಪ್ಯಾಕೆಟ್‌ಗಳ ಮೂಲ ಗಡಿ ಅಳಿಸಿಹೋಗುತ್ತದೆ, ಸೇರಿಸಿದ್ದು ಆಚೆಯ ತಂತಿಯ ಮಿತಿಗೆ ಹಿಡಿಸುವುದಿಲ್ಲ. ಈಗಿನ ಕರ್ನೆಲ್‌ಗಳು ಹಲವು ಸಂದರ್ಭಗಳಲ್ಲಿ ತಾವೇ ಎಚ್ಚರ ವಹಿಸುತ್ತವೆ. ಇಂಟೆಲ್ ತನ್ನ ಲಿನಕ್ಸ್ ಡ್ರೈವರಿನ ಜೊತೆಗಿಟ್ಟ ಟಿಪ್ಪಣಿಯಲ್ಲಿ ಮಾತ್ರ ಇದನ್ನು ಸಲಹೆಯಾಗಿ ಅಲ್ಲ, ಎಚ್ಚರಿಕೆಯಾಗಿಯೇ ಬರೆದಿತ್ತು.

ಜಂಬೋ ಫ್ರೇಮಿನ ಕಥೆ ಬೇರೆ. 1500 ಇರುವ ಎಂಟಿಯು ಮಿತಿಯನ್ನು 9000ಕ್ಕೆ ಏರಿಸಬಹುದು, ಬಿಡಬಹುದು. ಏರಿಸಿದರೆ ಮಾತ್ರ ಆ ಜಾಲದ ಸ್ವಿಚ್ಚು, ಎದುರಿನ ಯಂತ್ರ ಎಲ್ಲವೂ ಒಪ್ಪಲೇಬೇಕು. ಇಲ್ಲದಿದ್ದರೆ ಪಿಂಗ್ ಸರಾಗ, ದೊಡ್ಡ ಫೈಲು ಅರ್ಧದಲ್ಲೇ ನಿಂತಿತು.

ಇಂಟರ್ನೆಟ್ ಮಾನದಂಡ ಬರೆಯುವವರು ಈ ವ್ಯತ್ಯಾಸಕ್ಕೆಂದೇ 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆ ಮಾಡಿಕೊಂಡರು: ‘ಮಸ್ಟ್’ ಕಡ್ಡಾಯ, ‘ಶುಡ್’ ಎಂದರೆ ಪರಿಣಾಮ ತಿಳಿದು, ಸರಿಯಾದ ಕಾರಣವಿದ್ದರೆ ಬಿಡಬಹುದಾದದ್ದು, ‘ಮೇ’ ಐಚ್ಛಿಕ. ಕನ್ನಡ ಅನುವಾದದಲ್ಲಿ ಮೊದಲೆರಡೂ ‘ಮಾಡಬೇಕು’ ಆಗಿಬಿಡುತ್ತವೆ, ತೆಲುಗಿನಲ್ಲಿ ‘ಚೆಯ್ಯಾಲಿ’. ಎಲ್ಲವೂ ‘ಬೇಕು’ ಆದ ಪುಟದಲ್ಲಿ ಓದುಗ ಯಾವುದನ್ನೂ ಕಡ್ಡಾಯವೆಂದು ಎಣಿಸುವುದಿಲ್ಲ. ಸರ್ಕಾರಿ ಆದೇಶದ ‘ತಕ್ಕದ್ದು’ ಇಲ್ಲಿ ನೆರವಾಗದು. ‘ಮಾಡತಕ್ಕದ್ದು’ ಎಂದಾಗ ಮಾಡುವವರು ಯಾರೆಂಬುದೇ ಮಸುಕು.

ಕನ್ನಡದಲ್ಲಿ ಸಾಧನಗಳಿಗೇನೂ ಬಡತನವಿಲ್ಲ. ಕಡ್ಡಾಯಕ್ಕೆ ‘ಲೇಬೇಕು’, ಸಲಹೆಗೆ ‘ಮಾಡುವುದು ಒಳ್ಳೆಯದು’ ಮತ್ತು ಪಕ್ಕದಲ್ಲೇ ಕಾರಣ, ಆಯ್ಕೆಗೆ ‘ಬಹುದು’. ಇಷ್ಟನ್ನು ಪಟ್ಟುಹಿಡಿದು ಪಾಲಿಸಿ, ಎಚ್ಚರಿಕೆಯ ಸಾಲುಗಳನ್ನಷ್ಟೇ ಮೊದಲು ಅನುವಾದಿಸಿದರೂ ಸಾಕು. ನೂರಾರು ಪುಟದ ಪಾರಿಭಾಷಿಕ ಕೋಶ ಆಮೇಲೆ ಬರಲಿ. ಆದೇಶಗಳನ್ನಂತೂ ಮುಟ್ಟುವುದೇ ಬೇಡ.

ಅಚ್ಚಗನ್ನಡದ ಹಟದವರಿಗೆ ಒಂದು ಪರೀಕ್ಷೆ: ‘ರೂಟರಿನಲ್ಲಿ ಎಲ್‌ಆರ್‌ಒ ಆರಿಸಿ.’ ದೀಪ ಆರಿಸಿದಂತೆಯೋ, ಶಾಸಕರನ್ನು ಆರಿಸಿದಂತೆಯೋ? ಇಲ್ಲಿ ‘ಆಫ್ ಮಾಡಲೇಬೇಕು’ ಎಂದೇ ಬರೆಯುವುದು ಸರಿ.