ಶುಕ್ರವಾರದವರೆಗೆ

ಮೊನ್ನೆ ರಾತ್ರಿ ಊಟವಾದ ಮೇಲೆ ನಮ್ಮ ಮಗಳು ಇಂಗ್ಲಿಷ್ ನೋಟುಬುಕ್ಕು ಹಿಡಿದು ಬಂದು, "ಅಪ್ಪಾ, 'ಆನ್ ನೆಕ್ಸ್ಟ್ ಫ್ರೈಡೇ' ತಪ್ಪಂತೆ. ಟೀಚರ್ ಕೆಂಪು ಗೆರೆ ಎಳೆದಿದ್ದಾರೆ" ಎಂದಳು. ಬಿ.ಎ. ಮುಗಿಸಿ ಹತ್ತು ವರ್ಷ ಸರಕಾರಿ ಕಚೇರಿಯಲ್ಲಿ ಇಂಗ್ಲಿಷ್ ಕಾಗದ ಬರೆದ ನಾವು ಮೌನ ವಹಿಸಿದೆವು. ಏಕೆಂದರೆ ಆ ವಾರವೇ ಎರಡು ಕಾಗದಗಳಲ್ಲಿ ಆ 'ಆನ್' ಅನ್ನು ನಾವೂ ಧಾರಾಳವಾಗಿ ಬಳಸಿದ್ದೆವು.

ಟೀಚರ್ ಹೇಳಿದ್ದೇ ಸರಿ. ಗಂಟೆಗೆ 'ಆಟ್', ವಾರಕ್ಕೂ ತಾರೀಖಿಗೂ 'ಆನ್', ತಿಂಗಳಿಗೂ ವರ್ಷಕ್ಕೂ 'ಇನ್'. ಬರಿಯ ಬೆಳಿಗ್ಗೆಯಾದರೆ 'ಇನ್ ದಿ ಮಾರ್ನಿಂಗ್'. ಸೋಮವಾರ ಜೊತೆಗೂಡಿತೋ, 'ಆನ್ ಮಂಡೇ ಮಾರ್ನಿಂಗ್'. ಆದರೆ ವಾರದ ಮುಂದೆ 'ನೆಕ್ಸ್ಟ್', 'ಲಾಸ್ಟ್', 'ದಿಸ್', 'ಎವರಿ' ಬಂದು ಕೂತರೆ 'ಆನ್' ಎದ್ದು ಹೋಗಬೇಕು, ಲೋಕಲ್ ಗಾಡಿಯ ನಾಲ್ಕನೆಯ ಸೀಟಿನವನಂತೆ. ಇನ್ನು ಮಂಗಳವಾರ ಕೂತು 'ನೆಕ್ಸ್ಟ್ ಫ್ರೈಡೇ' ಎಂದರೆ ಈ ವಾರದ್ದೋ ಬರುವ ವಾರದ್ದೋ? ಅದರಲ್ಲಿ ಇಂಗ್ಲಿಷರಿಗೇ ಒಮ್ಮತವಿಲ್ಲ. ಅಮೆರಿಕದವರಂತೂ 'ಸೀ ಯು ಮಂಡೇ' ಎಂದು 'ಆನ್' ಅನ್ನು ಬಿಟ್ಟೇ ಮಾತಾಡುತ್ತಾರೆ.

ನಮ್ಮವರಿಗೆ ಇದು ತೊಡಕಾಗುವುದು ಸಹಜ. ಕನ್ನಡದಲ್ಲಿ 'ಸೋಮವಾರ ಬರುತ್ತೇನೆ' ಎಂದರೆ ಮುಗಿಯಿತು, ಪ್ರತ್ಯಯವೇ ಬೇಡ. ಮರಾಠಿಯವರು 'ಸೋಮವಾರೀ' ಎಂದು ಕೊನೆಯನ್ನು ತುಸು ಎಳೆಯುತ್ತಾರೆ. ಸೀವುಡ್ಸಿನ ನಮ್ಮ ಮಕ್ಕಳು ಮನೆಯಲ್ಲಿ ಅದನ್ನು, ಅಂಗಳದಲ್ಲಿ ಇದನ್ನು ಆಡಿ ಶಾಲೆಯಲ್ಲಿ 'ಆನ್' ಹುಡುಕಬೇಕು. ವಾರದ ಹೆಸರಾದರೂ ಒಂದೇ ಇದೆಯೇ? ನಮ್ಮ ಸಂಘದಲ್ಲೇ ಮೈಸೂರಿನವರಿಗೆ ಭಾನುವಾರ, ಮಂಗಳೂರಿನವರಿಗೆ ಆದಿತ್ಯವಾರ, ವಿಜಯಪುರದವರಿಗೆ ರವಿವಾರ. ಮೂವರಿಗೂ ಅಂದಿನ ಮೆಗಾಬ್ಲಾಕ್ ಮಾತ್ರ ಒಂದೇ.

ಇದೆಲ್ಲ ಮಕ್ಕಳ ಅಂಕಕ್ಕೆ ಸಂಬಂಧಿಸಿದ್ದು. 'ಟಿಲ್' ಮತ್ತು 'ಬೈ'ಗಳ ಮಾತು ಹಾಗಲ್ಲ.

ಹೋದ ವರ್ಷ ನಮ್ಮ ಕಚೇರಿಯ ಫಲಕಕ್ಕೆ ನಾವೇ ಒಂದು ನೋಟೀಸು ಬರೆದೆವು: 'ಅಪ್ಲಿಕೇಷನ್ಸ್ ಶುಡ್ ಬಿ ಸಬ್ಮಿಟೆಡ್ ಟಿಲ್ ಫ್ರೈಡೇ.' ಶುಕ್ರವಾರ ಮಧ್ಯಾಹ್ನ ಡೊಂಬಿವಲಿಯ ಹಿರಿಯರೊಬ್ಬರು ಠಾಣೆಯಲ್ಲಿ ಗಾಡಿ ಬದಲಿಸಿ, ತೀರಿಕೊಂಡ ಹೆಂಡತಿಯ ಪಿಂಚಣಿ ಬಾಕಿಯ ಕಾಗದ ಹಿಡಿದು ಬಂದರು. 'ಟಿಲ್ ಫ್ರೈಡೇ' ಎಂದರೆ ಶುಕ್ರವಾರ ಬರುವ ತನಕ, ಆದ್ದರಿಂದ ನಿನ್ನೆಗೇ ಮುಗಿಯಿತು ಎಂದು ನಾವು ಹಿಂದಿಯಲ್ಲಿ ವ್ಯಾಖ್ಯಾನ ಮಾಡಿದೆವು. ಅವರು ನಮ್ಮ ಮೇಜಿನ ಮೇಲಿನ ಕನ್ನಡ ಪಂಚಾಂಗವನ್ನು ನೋಡಿ, "ಸಾಹೇಬ್ರ, ನಮ್ಮ ಕಡಿ ಶುಕ್ರವಾರದ ತನಕ ಅಂದ್ರ ಶುಕ್ರವಾರ ಹೊತ್ತು ಮುಳುಗೂ ತನಕ. ನಿಮ್ಮ ಕಡಿ ಹ್ಯಾಂಗರಿ?" ಎಂದರು. ನಾವು ಆದರೂ ಕಾಗದ ತೆಗೆದುಕೊಳ್ಳಲಿಲ್ಲ.

ತಪ್ಪು ಎರಡಿತ್ತು. 'ಟಿಲ್' ಎಂಬುದು ಒಂದೇ ಸಮನೆ ನಡೆಯುವ ಕೆಲಸಕ್ಕೆ: ಕಿಟಕಿ ಶುಕ್ರವಾರದವರೆಗೆ ತೆರೆದಿರುತ್ತದೆ. 'ಬೈ' ಎಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ: ಅರ್ಜಿಯನ್ನು ಶುಕ್ರವಾರದೊಳಗೆ ಕೊಡಬೇಕು. ಹಿಂದಿಯ 'ತಕ್', ಮರಾಠಿಯ 'ಪರ್ಯಂತ' ಎರಡಕ್ಕೂ ನಡೆಯುತ್ತವೆ. ಕನ್ನಡದಲ್ಲಾದರೋ 'ವರೆಗೆ', 'ಒಳಗೆ' ಎಂದು ಇಂಗ್ಲಿಷಿನಂತೆಯೇ ಎರಡು ಮಾತುಗಳಿವೆ. ಮನೆಯಲ್ಲಿದ್ದ ಭೇದವನ್ನು ಮರೆತು ನಾವು ಕಚೇರಿಯ 'ತಕ್' ಅನ್ನು ಇಂಗ್ಲಿಷಿಗೆ ಹೊತ್ತು ಹಾಕಿದ್ದೆವು.

ಎರಡನೆಯದನ್ನು ಸಂಜೆ ನಮ್ಮ ಮೇಲಧಿಕಾರಿಗಳು ತೋರಿಸಿದರು. 1897ರ ಜನರಲ್ ಕ್ಲಾಸಸ್ ಆಕ್ಟಿನ 9ನೆಯ ಕಲಮಿನ ಪ್ರಕಾರ, ಕೇಂದ್ರದ ಕಾಯಿದೆಗಳಲ್ಲಿ 'ಫ್ರಮ್' ಎಂದರೆ ಮೊದಲ ದಿನ ಬಿಟ್ಟು, 'ಟು' ಎಂದರೆ ಕೊನೆಯ ದಿನ ಸೇರಿ. 10ನೆಯ ಕಲಮು ಇನ್ನೂ ಉದಾರ: ಕೊನೆಯ ದಿನ ಕಚೇರಿ ಮುಚ್ಚಿದ್ದರೆ ಮುಂದೆ ತೆರೆದ ದಿನ ಕೊಟ್ಟರೂ ಸಲ್ಲುತ್ತದೆ. "ಕಾಯಿದೆಯೇ ಕೊನೆಯ ದಿನವನ್ನು ಒಳಗೆ ಕರೆಯುತ್ತದೆ, ನೀವು ಯಾರು ಹೊರಗಟ್ಟಲಿಕ್ಕೆ?" ಎಂದು ಅವರು ಮರಾಠಿಯಲ್ಲಿ ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ.

ಹಿರಿಯರು ಕಾಗದದ ಮೇಲೆ ಬರೆದಿದ್ದ ಫೋನ್ ನಂಬರನ್ನು ನಮ್ಮ ಜವಾನ ಗುರುತು ಹಾಕಿಕೊಂಡಿದ್ದ. ಸೋಮವಾರ ಅವರು ಮತ್ತೆ ಬಂದರು. ಟಿಪ್ಪಣಿ ಸೇರಿಸಿ ಅರ್ಜಿ ತೆಗೆದುಕೊಂಡೆವು. ಚಹಾ ತರಿಸಿದೆವು; "ಸಕ್ಕರಿ ಬ್ಯಾಡ್ರಿ" ಎಂದಷ್ಟೇ ಹೇಳಿದರು. ಫಲಕದಲ್ಲಿ ಈಗ 'ಆನ್ ಆರ್ ಬಿಫೋರ್ ಫ್ರೈಡೇ' ಎಂದು ಬರೆದು, ತಾರೀಖನ್ನೂ ಗಂಟೆಯನ್ನೂ ಸೇರಿಸುತ್ತೇವೆ.

ಆ ಶುಕ್ರವಾರ ನಾವು ಹಿಂದೆ ಕಳಿಸಿದವರಲ್ಲಿ ಒಬ್ಬ ಹೆಂಗಸೂ ಇದ್ದರು. ನೆರೂಳಿನಿಂದ ಬಂದಿದ್ದೇನೆ ಎಂದದ್ದು ನೆನಪಿದೆ. ಹೆಸರು ಕೇಳಿರಲಿಲ್ಲ.