ಇನ್ಶೂರೆನ್ಸ್ ಕಂಪನೀಲಿ ಉದ್ರಿ ನಡೆಯೋಲ್ಲ, ಸಾವಕಾರ್ರೆ!

ಹರಿಹರದಿಂದ ದಾವಣಗೆರೆಗೆ ಬೆಳಗಿನ ಬಸ್ಸಿನಲ್ಲಿ ಬರುವವರಲ್ಲಿ ನಮ್ಮ ಮಂಡಿಪೇಟೆ, ಚೌಕಿಪೇಟೆ ಅಂಗಡಿಗಳ ಗುಮಾಸ್ತರು ಬಹಳ. ಬಸ್ಸು ಹತ್ತಿದ ಮೇಲೆ ಮೊದಲು ಮಳೆ ಮಾತು, ಆಮೇಲೆ ಸಾವಕಾರ್ರ ಮಾತು, ಊರು ಹತ್ತಿರ ಬರೋ ಹೊತ್ತಿಗೆ ಆಸ್ಪತ್ರೆ ಖರ್ಚಿನ ಮಾತು. ಮೊನ್ನೆ ಪಕ್ಕದಲ್ಲಿ ಕೂತಿದ್ದ ಬಟ್ಟೆ ಅಂಗಡಿಯ ಗುಮಾಸ್ತರೊಬ್ಬರು ಹೇಳಿದ ಸಂಗತಿ ಕೇಳಿ, ಇದನ್ನು ಬರೆಯಲೇಬೇಕು ಅನ್ನಿಸಿತು.

ಅವರ ಅಂಗಡೀಲಿ ಆಳುಗಳು ನಾಲ್ಕೇ ಮಂದಿ. ಹತ್ತು ಮಂದಿಗಿಂತ ಕಡಿಮೆ ಇರುವ ಅಂಗಡಿಗೆ ಇ.ಎಸ್.ಐ. ಕಡ್ಡಾಯವಲ್ಲ. ಈ ಊರಿನ ಕಾಟನ್ ಮಿಲ್ಲುಗಳಲ್ಲಿ ದುಡಿದವರಿಗೆ ಆ ಕಾರ್ಡು ಇತ್ತು, ಸಣ್ಣ ಅಂಗಡಿಯ ಗುಮಾಸ್ತನಿಗೆ ಇಲ್ಲ. ಆದರೆ ಇವರ ಸಾವಕಾರ್ರು ಒಳ್ಳೆ ಮನುಷ್ಯ. ನಾಲ್ಕು ವರ್ಷದ ಕೆಳಗೇ, "ನಿನ್ನ ಹೆಸರಲ್ಲಿ ನೀನೇ ಒಂದು ಹೆಲ್ತ್ ಪಾಲಿಸಿ ಮಾಡಿಸಪ್ಪಾ, ಪ್ರೀಮಿಯಂ ಕಟ್ಟಿದ ರಸೀದಿ ತಂದು ತೋರ್ಸು, ರೊಕ್ಕ ನಾನು ಕೊಡ್ತೀನಿ" ಅಂದಿದ್ದರು. ಕೊಡ್ತಾನೂ ಬಂದರು. ಎಷ್ಟು ಸಾವಕಾರ್ರು ಹೀಗೆ ಮಾಡ್ತಾರೆ ಹೇಳಿ?

ತೊಡಕು ಬಂದದ್ದು 2025ರಲ್ಲಿ. ಪಾಲಿಸಿ ಮುಗಿದದ್ದು ಅಕ್ಟೋಬರ್ 1ಕ್ಕೆ, ಆಯುಧಪೂಜೆ ದಿನ. ಪ್ರೀಮಿಯಂ 18 ಸಾವಿರ, ಅಂದರೆ ಗುಮಾಸ್ತರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಆ ಸಲ ಮಗಳ ಕಾಲೇಜು ಫೀಜು ಕಟ್ಟಿ ಕೈ ಖಾಲಿ. "ಸಾವಕಾರ್ರೆ, ಈ ಸಲ ಮುಂಚಿತವಾಗಿ ಕೊಡ್ರಿ" ಅಂತ ಕೇಳಿದರು. ಸಾವಕಾರ್ರಿಗೆ ದಸರಾ ವ್ಯಾಪಾರ, ಹಿಂದೆಯೇ ದೀಪಾವಳಿ ವ್ಯಾಪಾರ. "ಪದ್ಧತಿ ಪ್ರಕಾರ ರಸೀದಿ ತಾ ತಮ್ಮಾ. ಇಲ್ಲಾ ಅಂದ್ರೆ ಹಬ್ಬ ಮುಗೀಲಿ, ನೋಡೋಣ" ಅಂದರು. ಇವರಿಗೂ ಧೈರ್ಯ, ಏಕೆಂದರೆ ಏಜೆಂಟರು "ಮೂವತ್ತು ದಿನ ಗ್ರೇಸ್ ಇರ್ತದೆ, ಏನೂ ಆಗಲ್ಲ" ಅಂತ ಹೇಳಿದ್ದರು.

ನರಕ ಚತುರ್ದಶಿ ದಿನ, ಅಕ್ಟೋಬರ್ 20ಕ್ಕೆ, ಮನೆಯವರಿಗೆ ಹೊಟ್ಟೆನೋವು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು. ಆಸ್ಪತ್ರೆಯ ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಪಾಲಿಸಿ ಮುಗಿದದೆ ಅಂತ ತೋರಿಸ್ತದೆ ಅಂಕಲ್" ಅಂದಳು. ಬಿಲ್ಲು 74 ಸಾವಿರ. 25ನೇ ತಾರೀಖು ಸಾವಕಾರ್ರು ಓಡಿ ಬಂದು ಪ್ರೀಮಿಯಂ ಕಟ್ಟಿಸಿದರು, ಪಾಲಿಸಿ ರಿನ್ಯೂ ಆಯ್ತು. ಆದರೆ ಆಸ್ಪತ್ರೆ ಬಿಲ್ಲಿಗೆ ಕಂಪನಿಯಿಂದ ಒಂದು ಪೈಸೆ ಬರಲಿಲ್ಲ.

ಇಲ್ಲೇ ನಮ್ಮ ಜನ ಎಡವುವುದು. ವರ್ಷಕ್ಕೊಂದು ಸಲ ಕಟ್ಟುವ ಪಾಲಿಸಿಗೆ 30 ದಿನದ ಗ್ರೇಸ್ ಇರುವುದು ನಿಜ. ಅಷ್ಟರೊಳಗೆ ಕಟ್ಟಿದರೆ ಹಳೇ ವರ್ಷಗಳ ಲೆಕ್ಕ, ಬೋನಸ್ಸು ಕಳೆದುಹೋಗುವುದಿಲ್ಲ. ಆದರೆ ಕಟ್ಟದೆ ಇದ್ದ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಅದರ ಹೊಣೆ ಕಂಪನಿಯದ್ದಲ್ಲ. ಗ್ರೇಸ್ ಇರುವುದು ಪಾಲಿಸಿಯನ್ನು ಉಳಿಸಿಕೊಳ್ಳುವುದಕ್ಕೆ, ರೋಗಿಗಲ್ಲ! ವಿಮಾ ಕಾಯ್ದೆಯ 64-ವಿಬಿ ಕಲಮು ಹೇಳುವುದೂ ಅದನ್ನೇ: ಮೊದಲು ಪ್ರೀಮಿಯಂ ಕೈಗೆ ಬರಬೇಕು, ಆಮೇಲೆ ಹೊಣೆ. ನಮ್ಮ ಪೇಟೆಯ ವ್ಯವಹಾರವೆಲ್ಲ ಉದ್ರಿ ಪುಸ್ತಕದ ಮೇಲೆ ನಿಂತದ್ದು, "ಮುಂದಿನ ವಾರ ಕೊಡ್ತೀನಿ" ಅಂದರೆ ಸೂರತ್ತಿನ ವ್ಯಾಪಾರಿಯೂ ಸರಕು ಕಳಿಸುತ್ತಾನೆ. ಇನ್ಶೂರೆನ್ಸ್ ಕಂಪನಿ ಮಾತ್ರ ಕಳಿಸುವುದಿಲ್ಲ.

ಹಾಗಾದರೆ ಸಾವಕಾರ್ರದ್ದೇ ತಪ್ಪೇ? ಪೂರ್ತಿ ಹಾಗೆ ಹೇಳಲಾರೆ. ಚೌಕಿಪೇಟೆಯ ಮತ್ತೊಬ್ಬ ಅಂಗಡಿ ಮಾಲೀಕರನ್ನು ಕೇಳಿದೆ. "ಮುಂಚೆ ರೊಕ್ಕ ಕೊಟ್ಟಿದ್ದೆ ಕಣ್ರೀ. ಒಬ್ಬ ಹುಡುಗ ಅದರಲ್ಲಿ ಮೊಬೈಲ್ ತಗೊಂಡ. ಪಾಲಿಸಿ ಎಲ್ಲಯ್ಯಾ ಅಂದ್ರೆ ತಲೆ ಕೆರ್ಕೊಂಡ" ಅಂದರು. ಈ ಮಾತನ್ನೂ ತಳ್ಳಿಹಾಕುವಂತಿಲ್ಲ. ರಸೀದಿ ಕೇಳುವುದು ನ್ಯಾಯವೇ. ಆದರೆ ತಿಂಗಳ ಸಂಬಳದಷ್ಟು ಹಣವನ್ನು ಗುಮಾಸ್ತನೇ ಮೊದಲು ಹೊಂದಿಸಬೇಕು ಅನ್ನುವುದು ಯಾವ ನ್ಯಾಯ? ರೊಕ್ಕ ಯಾರದೂ ಕೈಗೆ ಕೊಡಬೇಕಾಗಿಲ್ಲ ಸ್ವಾಮಿ. ಆಳನ್ನು ಗಲ್ಲಾಪೆಟ್ಟಿಗೆ ಪಕ್ಕ ಕೂರಿಸಿಕೊಂಡು, ಅವನ ಪಾಲಿಸಿ ನಂಬರಿಗೆ ನೇರವಾಗಿ ಕಂಪನಿಗೇ ಚೆಕ್ಕೋ ಫೋನ್ ಪೇಯೋ ಮಾಡಿ. ರಸೀದಿ ಆ ಕ್ಷಣವೇ ಬರ್ತದೆ. ಅದೂ ಆಗದಿದ್ದರೆ ತಿಂಗಳ ಕಂತಿನ ಪಾಲಿಸಿ ಕೇಳಿ. ಅದಕ್ಕೆ ಗ್ರೇಸ್ 15 ದಿನವೇ, ಆದರೆ ಕಂತಿನವರಿಗೆ ಆ ಗ್ರೇಸ್ ದಿನಗಳಲ್ಲೂ ರಕ್ಷಣೆ ಇರ್ತದೆ. ಬಡವನಿಗೆ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಕೆಲವರು, ಇಷ್ಟು ರಾಮಾಯಣ ಯಾಕೆ, ಎಲ್ಲರಿಗೂ ಸೇರಿಸಿ ಅಂಗಡಿ ಹೆಸರಲ್ಲೇ ಒಂದು ಗ್ರೂಪ್ ಪಾಲಿಸಿ ಮಾಡಿಸಿದರಾಯ್ತು ಅಂತಾರೆ. ನಾನು ಒಪ್ಪೋಲ್ಲ. ಗ್ರೂಪ್ ಪಾಲಿಸಿ ನಿಂತಿರುವುದು ಕೆಲಸದ ಮೇಲೆ. ಸ್ವಂತ ಹೆಸರಿನ ಪಾಲಿಸಿ ಅಂಗಡಿ ಬದಲಾಯಿಸಿದರೂ, ಅಂಗಡಿಯೇ ಮುಚ್ಚಿದರೂ ಆಳಿನ ಜೊತೆಗೇ ಹೋಗ್ತದೆ. ಹೋದ ವರ್ಷ ಕ್ಲೇಮು ಮಾಡಿದ್ದಿ ಅಂತ ಕಂಪನಿಯವರು ರಿನ್ಯೂವಲ್ ನಿರಾಕರಿಸುವಂತಿಲ್ಲ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿ.ಪಿ.ಗಳಿಗೆ ಕಾಯಬೇಕಾದ ಅವಧಿ 2024ರ ನಿಯಮದಲ್ಲಿ ಹೆಚ್ಚೆಂದರೆ ಮೂರು ವರ್ಷ, ಐದು ವರ್ಷ ಬಿಡದೆ ಕಟ್ಟಿದವರ ಮೇಲೆ, ಮೋಸ ಸಾಬೀತಾಗದ ಹೊರತು, ನೀನು ಅದನ್ನು ಮುಚ್ಚಿಟ್ಟೆ ಇದನ್ನು ಹೇಳಲಿಲ್ಲ ಅಂತ ತಕರಾರು ತೆಗೆಯುವಂತಿಲ್ಲ. ಈ ವರ್ಷಗಳೇ ಗುಮಾಸ್ತನ ಗಂಟು. ಅಗ್ಗದ ಪಾಲಿಸಿ ಇದೆ, ಹಳೇದು ಬಿಡಿ ಅಂತ ಬರುವ ಏಜೆಂಟರ ಮಾತಿಗೆ ಈ ಗಂಟನ್ನು ಬಿಚ್ಚಬೇಡಿ. ಕಂಪನಿ ಬದಲಿಸಲೇಬೇಕಾದರೆ ಪೋರ್ಟ್ ಅಂತ ಕೇಳಿ, ಮುಗಿಯುವ ತಾರೀಖಿಗೆ 45 ದಿನ ಮುಂಚೆಯೇ ಅರ್ಜಿ ಕೊಡಿ.

ಸಾವಕಾರ್ರಿಗೊಂದು ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಹೆಸರಿನ ಹೆಲ್ತ್ ಪಾಲಿಸಿಗಳಿಗೆ ಜಿ.ಎಸ್.ಟಿ. ತೆಗೆದರು. ಅದಕ್ಕೆ ಮೊದಲು 18 ಸಾವಿರದ ಪಾಲಿಸಿಗೆ ಮೇಲೆ 3,240 ರೂಪಾಯಿ ಬೀಳುತ್ತಿತ್ತು. ಗ್ರೂಪ್ ಪಾಲಿಸಿಗೆ ಈ ರಿಯಾಯಿತಿ ಕೊಡಲಿಲ್ಲ. ಉಳಿದ ರೊಕ್ಕ ಗಲ್ಲಾಕ್ಕೆ ಹಾಕಿಕೊಳ್ಳುವ ಬದಲು ಆಳಿನ ಪಾಲಿಸಿ ಮೊತ್ತವನ್ನೇ ಒಂದಿಷ್ಟು ಏರಿಸಿದರೆ ಏನು ಕಳೆದುಕೊಂಡ ಹಾಗಾಯ್ತು? ಗುಮಾಸ್ತರೂ ಅಷ್ಟೆ, ಸಾವಕಾರ್ರು ಕೊಟ್ಟ ಹಣವನ್ನು ನಾನೇ ಕಟ್ಟಿದ್ದೆ ಅಂತ ಆದಾಯ ತೆರಿಗೆಯಲ್ಲಿ ತೋರಿಸಬಾರದು.

ತಾರೀಖು ನೆನಪಿಡುವ ಗೋಳು ಬೇರೆ. ಕಂಪನಿ ಮೆಸೇಜು ಕಳಿಸುತ್ತದೆ, ಆದರೆ ಪಾಲಿಸಿ ಮಾಡಿಸುವಾಗ ಕೊಟ್ಟದ್ದು ಏಜೆಂಟರ ನಂಬರೋ, ಬೆಂಗಳೂರಿನಲ್ಲಿರುವ ಮಗನ ನಂಬರೋ. ಮೊದಲು ನಿಮ್ಮ ನಂಬರು ಹಾಕಿಸಿಕೊಳ್ಳಿ.

ಬಸ್ಸಿನ ಆ ಗುಮಾಸ್ತರನ್ನು ಇಳಿಯುವ ಮುಂಚೆ ಕೇಳಿದೆ: "ಕೊನೆಗೆ 74 ಸಾವಿರ ಹೆಂಗ್ ಹೊಂದಿಸಿದ್ರಿ?" ಅರ್ಧ ಸಾವಕಾರ್ರೇ ಕೊಟ್ಟರಂತೆ, ಅಂದರೆ 37 ಸಾವಿರ. ಪ್ರೀಮಿಯಂ ಇದ್ದದ್ದು 18. ಇನ್ನರ್ಧಕ್ಕೆ ಮನೆಯವರ ಬಳೆ ಸೊಸೈಟಿಯಲ್ಲಿ ಅಡವಿದೆ, ಇನ್ನೂ ಬಿಡಿಸಿಲ್ಲ. ಈಗ ಗಲ್ಲಾಪೆಟ್ಟಿಗೆ ಮೇಲಿನ ಕ್ಯಾಲೆಂಡರಿನಲ್ಲಿ ನಾಲ್ಕೂ ಮಂದಿಯ ತಾರೀಖಿಗೆ ಸಾವಕಾರ್ರು ಕೆಂಪು ಇಂಕಿನಲ್ಲಿ ಗುಂಡು ಸುತ್ತಿದ್ದಾರಂತೆ, ಒಂದೊಂದು ತಿಂಗಳು ಹಿಂದಕ್ಕೆ ಹಾಕಿ.