ಕಾವಲೂರಿನ ಕತ್ತಲು

ಹಳೇಬೀಡಿನ ದೇವಸ್ಥಾನದ ನಕ್ಷತ್ರಾಕಾರದ ಜಗತಿಯನ್ನು ಸುತ್ತುತ್ತಿದ್ದಾಗ ಏಳನೇ ಕ್ಲಾಸಿನ ನನ್ನ ಮೊಮ್ಮಗಳು, "ತಾತ, ನಿಜವಾದ ನಕ್ಷತ್ರಕ್ಕೂ ಇಷ್ಟೊಂದು ಮೂಲೆ ಇರುತ್ತಾ?" ಎಂದಳು. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಮೇಲು ಅನ್ನಿಸಿತು.

ಅವಳಿಗೆ ಲಡಾಖಿನ ಹಾನ್ಲೆಗೇ ಹೋಗುವ ಆಸೆ. ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ದೊಡ್ಡ ದೂರದರ್ಶಕವಿದೆ. ಮಕ್ಕಳೇ, ಅದನ್ನು ಉಪಗ್ರಹದ ಸಂಪರ್ಕದಿಂದ ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ! ಆದರೆ ಎಪ್ಪತ್ತು ದಾಟಿದವರಿಗೆ ಆ ಎತ್ತರ ಬೇಡ ಎಂದರು ಡಾಕ್ಟರು. ಹಾಗಾಗಿ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿಗೆ ಹೊರಟೆವು. ಅರಸೀಕೆರೆಯಿಂದ ಬೆಂಗಳೂರು, ವಾಣಿಯಂಬಾಡಿಯವರೆಗೆ ರೈಲು. ಅಲ್ಲಿಂದ ಆಲಂಗಾಯಂ ದಾಟಿ ಕಾರು.

ಕಾವಲೂರಿನ ಎತ್ತರ ಸುಮಾರು 725 ಮೀಟರ್ ಅಷ್ಟೆ. ನಮ್ಮ ಅರಸೀಕೆರೆಯೇ ಅದಕ್ಕಿಂತ ಎತ್ತರದಲ್ಲಿದೆ! ನಮ್ಮಲ್ಲಿ ಇಲ್ಲದ್ದು ಅಲ್ಲಿನ ಕತ್ತಲು. ಸುತ್ತ ಕಾಡು, ಚಿಕ್ಕ ಹಳ್ಳಿ. ವೇಣು ಬಾಪು ಎಂಬ ವಿಜ್ಞಾನಿ ಅದಕ್ಕೇ ಈ ಜಾಗ ಆರಿಸಿದರು. 1968ರಲ್ಲಿ ಸಣ್ಣ ದೂರದರ್ಶಕದಿಂದ ಕೆಲಸ ಶುರುವಾಯಿತು. ಈಗ ಅವರ ಹೆಸರಿನಲ್ಲೇ ಇರುವ ದೊಡ್ಡ ದೂರದರ್ಶಕದ ಕನ್ನಡಿ 2.3 ಮೀಟರ್ ಅಗಲ. ಅದು 1986ರಲ್ಲಿ ಉದ್ಘಾಟನೆಯಾಗುವಾಗ ನೋಡಲು ಬಾಪು ಇರಲಿಲ್ಲ, 1982ರಲ್ಲೇ ತೀರಿಹೋಗಿದ್ದರು.

1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರದ ಬೆಳಕು ಕ್ಷಣಕಾಲ ಕುಂದಿದ್ದು ಕಾವಲೂರಿನವರ ಕಣ್ಣಿಗೂ ಬಿತ್ತು. ಬೇರೆ ಕಡೆ ನೋಡಿದವರ ಲೆಕ್ಕವನ್ನೂ ಸೇರಿಸಿದಾಗ ಗೊತ್ತಾಯಿತು, ಯುರೇನಸ್‌ಗೂ ಉಂಗುರಗಳಿವೆ! ಆಗ ನಾನು ಬ್ಯಾಂಕಿನಲ್ಲಿ ಹೊಸ ಗುಮಾಸ್ತ. ಪೇಪರಿನಲ್ಲಿ ಓದಿದ ನೆನಪೇ ಇಲ್ಲ. ಲೆಡ್ಜರಿನಲ್ಲಿ ಮುಳುಗಿದ್ದೆ ಅಂತ ಕಾಣುತ್ತೆ.

ರಾತ್ರಿ ನಮ್ಮಂಥವರಿಗೆ ತೋರಿಸುವ ಪುಟ್ಟ ದೂರದರ್ಶಕದ ಮುಂದೆ ಸಾಲು. ಗುರುಗ್ರಹಕ್ಕೆ ತಿರುಗಿಸಿದ್ದರು. ಮೊಮ್ಮಗಳು ಇಣುಕಿ, "ತಾತ! ನಾಲ್ಕು ಚಂದ್ರ!" ಎಂದು ಕುಣಿದಳು. ನಾನು ಬಗ್ಗಿದೆ. ಹಿಟ್ಟು ಚೆಲ್ಲಿದಂತೆ ಒಂದು ಮಸುಕು. ಹಿಂದೆ ಇಪ್ಪತ್ತು ಜನ ನಿಂತಿದ್ದಾರೆ. "ಕಾಣಿಸ್ತಾ ತಾತ?" ಎಂದಳು. "ಕಾಣಿಸ್ತು ಪುಟ್ಟಿ" ಎಂದುಬಿಟ್ಟೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದಳು: 'ಗುರು, ಚಂದ್ರ 4. ತಾತನಿಗೂ 4.'

ಮೂವತ್ತೈದು ವರ್ಷ ಲೆಕ್ಕ ಬರೆದವನು ನಾನು. ಸುಳ್ಳು ಎಂಟ್ರಿ ಎದುರಿಗೇ ಕೂತರೆ ಸುಮ್ಮನಿರಲು ಆಗಲಿಲ್ಲ. ಹತ್ತು ನಿಮಿಷ ಚಡಪಡಿಸಿ, "ಪುಟ್ಟಿ, ನನಗೆ ಏನೂ ಕಾಣಿಸಲಿಲ್ಲ ಕಣೇ" ಎಂದೆ. ಅವಳು ನಗಲಿಲ್ಲ. ಸೀದಾ ಹೋಗಿ ಅಲ್ಲಿದ್ದ ಹುಡುಗನಿಗೆ ಹೇಳಿದಳು. ಅವನು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ, ಕನ್ನಡಕ ತೆಗೆಯಿರಿ, ಈ ತಿರುಪನ್ನು ನಿಧಾನವಾಗಿ ತಿರುಗಿಸಿ ಎಂದ. ಅವಳ ಕಣ್ಣಿಗೆ ಹೊಂದಿದ್ದು ನನ್ನ ಕಣ್ಣಿಗೆ ಹೊಂದಬೇಕಿಲ್ಲವಲ್ಲ. ತಿರುಗಿಸುತ್ತ ಹೋದಂತೆ ಮಸುಕು ಕುಗ್ಗಿ ದುಂಡಗಾಯಿತು. ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಸಾಸಿವೆ ಕಾಳಿನಂಥ ಚುಕ್ಕಿಗಳು. ಗೆಲಿಲಿಯೊ 1610ರಲ್ಲಿ ಕಂಡಿದ್ದು ಇವನ್ನೇ.

ಎಷ್ಟು ಸಲ ಎಣಿಸಿದರೂ ನನಗೆ ಸಿಕ್ಕಿದ್ದು ಮೂರೇ.

ಅಂದಹಾಗೆ, ಅಲ್ಲಿ ಯಾವ ನಕ್ಷತ್ರಕ್ಕೂ ಮೂಲೆ ಕಾಣಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ನೋಟ್‌ಬುಕ್ ಬಿಡಿಸಿ ನೋಡಿದೆ. 'ತಾತನಿಗೂ 4' ಎಂಬುದನ್ನು ಹೊಡೆದುಹಾಕಿ ಕೆಳಗೆ ಬರೆದಿದ್ದಳು: 'ತಾತನಿಗೆ 3. ಎರಡನೇ ಸಲ ನೋಡಿದಾಗ.'